ವಯಸ್ಸಾದ ಚರ್ಮಕ್ಕೆ ಬಿಸಿಲಿನ ಕಾಪು

(ದೊಡವಾಡದ ಹಿರಿಯರ ಮುಂದೆ ಮಾಡಿದ ಭಾಷಣ)



ಯುಗಾದಿಯ ಮರುದಿನ ಇದೇ ಊರಿನ ಒಬ್ಬ ಆಯಿ ಸೆರಗಿನ ಗಂಟು ಬಿಚ್ಚಿ ಒಂದು ಟ್ಯೂಬನ್ನು ನನ್ನ ಕೈಯಲ್ಲಿಟ್ಟರು. “ನೋಡ ಯವ್ವಾ, ಹುಬ್ಬಳ್ಳಿಯಾಗಿರೋ ಮೊಮ್ಮಗಳು ದೀವಳಿಗಿಗೆ ಬಂದಾಗ ಕೊಟ್ಟು ಹೋಗ್ಯಾಳ. ಬಿಸಿಲಿಗೆ ಹೋಗುವಾಗ ಹಚ್ಚಿಕೋ ಅಂದಾಳ. ಇದು ಬೆಳ್ಳಗ ಆಗೋದೇನು? ಎಪ್ಪತ್ತರಾಗ ಬೆಳ್ಳಗಾಗಿ ನಾ ಯಾರ ಮನಿ ಸೊಸಿ ಆಗಬೇಕು?” ಎಂದರು. ಕೂತವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಟ್ಯೂಬನ್ನು ಒತ್ತಿ ನೋಡಿದಾಗ ಅರ್ಧದಷ್ಟು ಮುಲಾಮು ಇನ್ನೂ ಉಳಿದಿತ್ತು. ದೀಪಾವಳಿಯಿಂದ ಯುಗಾದಿಯವರೆಗೆ ದಿನಾಲೂ ಹಚ್ಚಿದ್ದೇನೆಂದು ಆಯಿ ಆಣೆ ಮಾಡಿ ಹೇಳಿದರು. ಅವರ ಮಾತು ಸುಳ್ಳಲ್ಲ. ಕಡಲೆ ಕಾಳಿನಷ್ಟು ತೆಗೆದುಕೊಂಡು ಮುಖಕ್ಕೆಲ್ಲ ಸವರಿಕೊಂಡಿದ್ದರು. ಅಷ್ಟರಿಂದ ಬಿಸಿಲು ತಡೆದಿರಲಾರದು. ಈ ಸಂಗತಿಯನ್ನು ನಿಮ್ಮೆಲ್ಲರ ಮುಂದೆ ಬಿಡಿಸಿ ಹೇಳಬೇಕೆಂದು ಅಂದೇ ನಿಶ್ಚಯಿಸಿದೆ.

ಮೊದಲು ನಿಮ್ಮ ತೋಳನ್ನು ನೋಡಿಕೊಳ್ಳಿರಿ. ಹೊರಮಗ್ಗುಲು ಕಪ್ಪಾಗಿ, ಒರಟಾಗಿ, ಅಲ್ಲಲ್ಲಿ ಚುಕ್ಕೆ ಬಿದ್ದಿರುತ್ತದೆ. ತೋಳೆತ್ತಿ ಕಂಕುಳ ಕಡೆಯ ಒಳಮಗ್ಗುಲನ್ನು ನೋಡಿದರೆ ಚರ್ಮವು ಮೆತ್ತಗೆ, ಒಂದೇ ಬಣ್ಣವಾಗಿ ಇರುತ್ತದೆ. ಎರಡಕ್ಕೂ ವಯಸ್ಸು ಒಂದೇ. ಅಂದಮೇಲೆ ನಾವು ಮುಪ್ಪು ಎಂದು ತಿಳಿದುದರಲ್ಲಿ ಬಹುಪಾಲು ಬಿಸಿಲಿನ ಕೆಲಸ. ಅಮೆರಿಕದ ವೈದ್ಯರು 2012ರಲ್ಲಿ 69 ವರ್ಷದ ಒಬ್ಬ ಲಾರಿ ಚಾಲಕನ ಮುಖದ ಚಿತ್ರವನ್ನು ಪ್ರಕಟಿಸಿದ್ದರು. ಆತ 28 ವರ್ಷ ಲಾರಿ ಓಡಿಸಿದವನು. ಅಲ್ಲಿ ಚಾಲಕನು ಎಡಕ್ಕೆ ಕೂಡುತ್ತಾನೆ. ಕಿಡಕಿಯ ಕಡೆಗಿದ್ದ ಎಡಗೆನ್ನೆಯು ದಪ್ಪ ಸುಕ್ಕುಗಟ್ಟಿ ಜೋತುಬಿದ್ದಿತ್ತು. ಬಲಗೆನ್ನೆಯು ಹತ್ತಿಪ್ಪತ್ತು ವರ್ಷ ಚಿಕ್ಕವನದಾಗಿ ಕಾಣುತ್ತಿತ್ತು.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ನಮಗೆ ತಾಗುವ ಅಂಥ ಕಿರಣಗಳಲ್ಲಿ ಎರಡು ಬಗೆ. ಒಂದು ಮೇಲ್ಚರ್ಮವನ್ನು ಸುಡುತ್ತದೆ. ಇನ್ನೊಂದು ಉರಿಯೇ ತೋರದೆ ಆಳಕ್ಕಿಳಿದು ಚರ್ಮವನ್ನು ಬಿಗಿಹಿಡಿದ ನಾರನ್ನು ಸಡಿಲಿಸುತ್ತದೆ. ಇದು ಗಾಜನ್ನೂ ದಾಟಿ ಬರುತ್ತದೆ. ನಮ್ಮ ಮೈಯ ಕಪ್ಪು ಬಣ್ಣವು ದೊಡ್ಡ ಆಸರೆ ಹೌದು. ಆದರೆ ವಯಸ್ಸಾದಂತೆ ಆ ಬಣ್ಣ ಕೊಡುವ ಕಣಗಳೇ ಕಡಿಮೆಯಾಗುತ್ತವೆ, ಚರ್ಮ ತೆಳ್ಳಗಾಗುತ್ತದೆ, ಅದರ ಜಿಡ್ಡು ಆರುತ್ತದೆ. ನಲವತ್ತರಲ್ಲಿ ತಡೆದ ಬಿಸಿಲನ್ನು ಎಪ್ಪತ್ತರ ಚರ್ಮ ತಡೆಯಲಾರದು.

ನಮ್ಮ ಸೀಮೆಯಲ್ಲಿ ಸೂರ್ಯನು ಮೇ ತಿಂಗಳ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟಿನ ಎರಡನೆಯ ವಾರದಲ್ಲಿ ಇನ್ನೊಮ್ಮೆ ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುತ್ತಾನೆ. ನಡುಹಗಲು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಸುಮಾರಿಗೆ ಬರುತ್ತದೆ. ಗಡಿಯಾರವಿಲ್ಲದವರು ನೆರಳನ್ನು ನೋಡಿದರಾಯಿತು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿರುವ ತನಕ ಆ ಕಿರಣಗಳ ಜೋರು ಹೆಚ್ಚು. ಆಗಸ್ಟಿನಲ್ಲಿ ತೆಳು ಮೋಡವಿದ್ದರೂ ಬಹಳಷ್ಟು ಕಿರಣ ಇಳಿದೇ ಬರುತ್ತದೆ. ಸೋಯಾದಲ್ಲಿ ಕಳೆ ತೆಗೆಯುವವರು ಇದನ್ನು ಲಕ್ಷ್ಯದಲ್ಲಿಡಬೇಕು. ನಮ್ಮ ಎರೆಹೊಲದಲ್ಲಿ ಗಿಡದ ನೆರಳೂ ಕಡಿಮೆ. ಬದುವಿನ ಜಾಲಿಯ ಜರಡಿ ನೆರಳನ್ನು ನೆರಳೆಂದು ನಂಬಬೇಡಿರಿ.

ಇನ್ನು ಕಾಪಿನ ಮಾತು. ಬಟ್ಟೆಯೇ ಮೊದಲು, ಮುಲಾಮು ಆಮೇಲೆ. ಮುಲಾಮನ್ನು ಮಾರುವವರು ಇದನ್ನು ತಿರುಗಿಸಿ ಹೇಳುತ್ತಾರೆ. ಒತ್ತಾಗಿ ನೇಯ್ದ, ಗಾಢ ಬಣ್ಣದ, ತೋಳು ತುಂಬಿದ ಸಡಿಲ ಅಂಗಿ ಒಳ್ಳೆಯದು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಕೈಬೆರಳು ಕಂಡರೆ ಬಿಸಿಲೂ ಅಷ್ಟೇ ಒಳಗೆ ಬರುತ್ತದೆ. ತೊಳೆದು ತೊಳೆದು ಸವೆದ ಬಿಳಿಯ ಅಂಗಿ, ಅದರಲ್ಲೂ ಬೆವರಿನಿಂದ ತೊಯ್ದದ್ದು, ಹೆಚ್ಚು ತಡೆಯಲಾರದು. ನಮ್ಮ ಹಿರಿಯರ ಗಾಂಧಿ ಟೊಪ್ಪಿಗೆಯು ಮರ್ಯಾದೆಯ ಉಡುಪೇ ಸರಿ, ಆದರೆ ಅದು ಕಾಯುವುದು ನೆತ್ತಿಯನ್ನಷ್ಟೇ. ರುಮಾಲು ಅದಕ್ಕಿಂತ ಮೇಲು. ಅದರ ಒಂದು ಸೆರಗನ್ನು ಹಿಂದಕ್ಕೆ ಇಳಿಬಿಟ್ಟರೆ ಕುತ್ತಿಗೆಗೂ ಕಿವಿಗೂ ಆಸರೆ. ತಾಯಂದಿರು ಹತ್ತಿ ಬಿಡಿಸಲು ಹೋಗುವಾಗ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಡುವುದುಂಟು. ಅದನ್ನು ನೋಡಿ ನಗುವವರಿದ್ದಾರೆ; ನಾನಂತೂ ಅಂಥ ತಾಯಿಗೆ ಕೈಮುಗಿಯುತ್ತೇನೆ. ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ನಡೆದು ಹೋಗುವ ಹಿರಿಯರು ಒಂದು ಕರಿ ಛತ್ರಿ ಹಿಡಿದು ಹೋಗುವುದು ಲೇಸು.

ಬಟ್ಟೆ ಮುಚ್ಚಲಾರದ ಜಾಗಗಳು ಉಳಿಯುತ್ತವೆ: ಮೂಗು, ಗಲ್ಲ, ಕೆಳತುಟಿ, ಕಿವಿಯಂಚು, ಮುಂಗೈ. ಮುಲಾಮು ಬೇಕಾದದ್ದು ಇಲ್ಲಿ. ಟ್ಯೂಬಿನ ಮೇಲೆ ಎಸ್‌ಪಿಎಫ್ ಎಂದು ಒಂದು ಅಂಕಿ ಇರುತ್ತದೆ. ಸುಡುವ ಕಿರಣವನ್ನು 15 ಅಂಕಿಯದು ನೂರಕ್ಕೆ 93ರಷ್ಟು, 30ರದು 97ರಷ್ಟು, 50ರದು 98ರಷ್ಟು ತಡೆಯುತ್ತದೆ. 30 ಇದ್ದರೆ ಸಾಕು. 50ಕ್ಕೆ ದುಪ್ಪಟ್ಟು ಬೆಲೆ ಕೊಡುವುದು ದುಂದು. ಆಳಕ್ಕಿಳಿಯುವ ಕಿರಣಕ್ಕೆ ಬೇರೆ ಗುರುತು ಇದೆ: ಪಿಎ ಎಂಬ ಅಕ್ಷರಗಳ ಮುಂದೆ ಕೂಡಿಸುವ ಚಿಹ್ನೆಗಳು. ಮೂರು ಚಿಹ್ನೆ ಇದ್ದುದನ್ನು ಕೊಳ್ಳಿರಿ. ಮುಗಿಯುವ ತಾರೀಖನ್ನು ಮೊಮ್ಮಕ್ಕಳಿಂದ ಓದಿಸಿರಿ.

ಆದರೆ ಈ ಅಂಕಿಗಳೆಲ್ಲ ದಪ್ಪಗೆ ಹಚ್ಚಿದರೆ ಮಾತ್ರ ನಿಜ. ತೋರುಬೆರಳು ಮತ್ತು ನಡುಬೆರಳಿನ ಮೇಲೆ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಎಳೆಯಿರಿ. ಮುಖ, ಕುತ್ತಿಗೆಗೆ ಅಷ್ಟು ಬೇಕು. ಅದು ಸುಮಾರು 1 ಗ್ರಾಂ. ಹೊಲಕ್ಕೆ ಹೊರಡುವ ಕಾಲು ತಾಸು ಮೊದಲು ಹಚ್ಚಬೇಕು. ಬೆವರು ಹರಿಯುವುದರಿಂದ ಎರಡು ತಾಸಿಗೊಮ್ಮೆ ಮತ್ತೆ ಹಚ್ಚಬೇಕು. ದಿನಕ್ಕೆ ಎರಡೇ ಸಲ ಹಚ್ಚಿದರೂ 50 ಗ್ರಾಮಿನ ಟ್ಯೂಬು 25 ದಿನದಲ್ಲಿ ಮುಗಿಯುತ್ತದೆ. ಮೈಗೆಲ್ಲ ಹಚ್ಚಲು ಹೋದರೆ ಒಂದು ಸಲಕ್ಕೇ 30 ಗ್ರಾಂ ಬೇಕು! ಬಟ್ಟೆಯನ್ನು ಮೊದಲು ಹೇಳಿದ್ದು ಈ ಲೆಕ್ಕದಿಂದಲೇ. ಆಯಿಯ ಟ್ಯೂಬು ಐದು ತಿಂಗಳು ಬಂದಿತೆಂದರೆ ಅದು ಉಳಿತಾಯವಲ್ಲ. ದಿನಾಲೂ ಸಾಧ್ಯವಾಗದಿದ್ದರೆ ಸುಗ್ಗಿಯ ದಿನಗಳಿಗೆ, ಜಾತ್ರೆಗೆ, ಊರಿಗೆ ಹೋಗುವ ದಿನಕ್ಕೆ ಇಟ್ಟುಕೊಂಡು ಆ ದಿನ ಸರಿಯಾಗಿ ಹಚ್ಚಿರಿ.

ಒಣಚರ್ಮದವರು ಗಟ್ಟಿ ಕೆನೆಯಂಥದನ್ನು ಆರಿಸಬೇಕು. ಮದ್ಯಸಾರವಿರುವ ಸಿಂಪಡಿಸುವ ಬಗೆಯೂ, ಘಮಘಮಿಸುವ ಬಗೆಯೂ ಬೇಡ. ತೆಳುಚರ್ಮಕ್ಕೆ ಉರಿ, ತುರಿಕೆ ಬರಬಹುದು. ಸತುವಿನ ಭಸ್ಮ, ಅಂದರೆ ಜಿಂಕ್ ಆಕ್ಸೈಡ್ ಇರುವ ಮುಲಾಮು ಸೂಕ್ಷ್ಮ ಚರ್ಮಕ್ಕೆ ಒಗ್ಗುತ್ತದೆ. ಅದರಲ್ಲಿ ಒಂದೇ ತೊಂದರೆ: ನಮ್ಮ ಬಣ್ಣದ ಮೇಲೆ ವಿಭೂತಿ ಬಳಿದಂತೆ ಕಾಣುತ್ತದೆ. ಕಂದು ಬಣ್ಣ ಕೂಡಿಸಿದ ಬಗೆಯೂ ಸಿಗುತ್ತದೆ. ಆ ಬಣ್ಣ ಕೊಡುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುವುದರಿಂದ ಗಲ್ಲದ ಬಂಗಿಗೆ ಅದೇ ಉತ್ತಮ. ಯಾವುದೇ ಆಗಲಿ, ಮೊದಲು ಮೊಣಕೈಯ ಒಳಬದಿಗೆ ಎರಡು ಮೂರು ದಿನ ಹಚ್ಚಿ ನೋಡಿರಿ. ಕೊಬ್ಬರಿ ಎಣ್ಣೆ ಚರ್ಮವನ್ನು ಮೆತ್ತಗಿಡುತ್ತದೆ, ಬಿಸಿಲನ್ನು ತಡೆಯುತ್ತದೆಂದು ನೆಚ್ಚಬಾರದು. ಟ್ಯೂಬನ್ನು ಪತ್ರಾಸಿನ ಕೆಳಗಿನ ಮಾಡದಲ್ಲಾಗಲಿ ಮೋಟರ್‌ಸೈಕಲ್ಲಿನ ಡಿಕ್ಕಿಯಲ್ಲಾಗಲಿ ಇಟ್ಟರೆ ಸೆಕೆಗೆ ಕೆಡುತ್ತದೆ.

ಇದರಿಂದ ಫಲವುಂಟೆ ಎಂದು ಕೇಳಿದರೆ, ಆಸ್ಟ್ರೇಲಿಯಾದ ನ್ಯಾಂಬೋರ್ ಎಂಬ ಊರಿನಲ್ಲಿ 1992ರಿಂದ 1996ರ ವರೆಗೆ ಪರೀಕ್ಷಿಸಿ ನೋಡಿದ್ದಾರೆ. ದಿನಾಲೂ ಹಚ್ಚಿದವರ ಚರ್ಮದ ಮುಪ್ಪು, ಬೇಕಾದಾಗ ಹಚ್ಚಿದವರಿಗಿಂತ ನೂರಕ್ಕೆ 24ರಷ್ಟು ಕಡಿಮೆಯಾಗಿತ್ತು. ಅವರು ಬಹುಪಾಲು ಬಿಳಿಯರು, ಮುಪ್ಪಿನ ಲೆಕ್ಕ ಹಾಕಿದ್ದು 55ರ ಒಳಗಿನವರದು. ನಮಗೆ ಅದೇ ಅಂಕಿಯನ್ನು ತಾಳೆಹಾಕಲಾಗದು. ಸುಕ್ಕು ಅಳಿಸುವ ಆಸೆಯನ್ನೂ ನಾನು ಹುಟ್ಟಿಸುವುದಿಲ್ಲ.

ಬಿಸಿಲು ತಡೆಯುವ ಮುಲಾಮು ಬೇರೆ, ಬಿಳುಪಿನ ಮುಲಾಮು ಬೇರೆ. ಬಂಗಿಗೆಂದು ಕೈಗೆ ಸಿಕ್ಕ ಟ್ಯೂಬು ಹಚ್ಚಿ ಕೆಟ್ಟ ಮುಖಗಳನ್ನು ನಾನು ಕಂಡಿದ್ದೇನೆ. ಅವುಗಳಲ್ಲಿ ಕೆಲವದರಲ್ಲಿ ಸ್ಟಿರಾಯ್ಡ್ ಇರುತ್ತದೆ. ಎರಡು ವಾರ ಮುಖ ತಿಳಿಯಾಗುತ್ತದೆ, ಆಮೇಲೆ ಚರ್ಮ ಈರುಳ್ಳಿ ಸಿಪ್ಪೆಯಂತಾಗಿ ಕೆಂಪು ನರ ಕಾಣುತ್ತವೆ, ಬಿಸಿಲು ಕಂಡರೆ ಉರಿಯುತ್ತದೆ. ಇಂಥ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಸರಕಾರವು 2018ರಲ್ಲಿ ಕಟ್ಟುಮಾಡಿದೆ. ಅಂಗಡಿಯವರು ಕೊಟ್ಟರೂ ನೀವು ತರಬೇಡಿರಿ.

ಬಿಸಿಲು ಬಿದ್ದಲ್ಲಿ ತೋರುವುದೆಲ್ಲ ಬಿಸಿಲಿನ ರೋಗವೂ ಅಲ್ಲ. ಕಾಂಗ್ರೆಸ್ ಕಸದ ಗಾಳಿ ಸೋಂಕಿ ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆ ತುರಿಸಿ ತೊಗಲು ದಪ್ಪಗಟ್ಟುವುದುಂಟು. ವಯಸ್ಸಾದ ಒಕ್ಕಲಿಗರಲ್ಲಿ ಇದು ಹೆಚ್ಚು. ಬರೀ ರೊಟ್ಟಿ ಖಾರ ತಿಂದು ದಿನ ಕಳೆಯುವವರಿಗೆ, ಕುಡಿತದವರಿಗೆ, ಕುತ್ತಿಗೆಯ ಸುತ್ತ ಮತ್ತು ಮುಂಗೈ ಮೇಲೆ ಕಪ್ಪಾಗಿ ಸಿಪ್ಪೆ ಏಳುತ್ತದೆ. ಅದು ಪೆಲ್ಲಾಗ್ರ, ಜೀವಸತ್ವದ ಕೊರತೆ. ಜೋಳವನ್ನೇ ನೆಚ್ಚಿದ ದಖನ್ನಿನ ಬಡವರಲ್ಲಿ ಈ ರೋಗವನ್ನು ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಅವರು 1960ರ ಸುಮಾರಿಗೆ ಅಭ್ಯಾಸ ಮಾಡಿದರು. ಅದಕ್ಕೆ ಬೇಕಾದದ್ದು ಬೇಳೆ, ಶೇಂಗಾ, ಹಾಲು, ಮೊಟ್ಟೆ, ಮತ್ತು ವೈದ್ಯರು ಕೊಡುವ ಗುಳಿಗೆ. ಇನ್ನು ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಝೈಡಿನಂಥ ಗುಳಿಗೆಗಳು ಕೆಲವರ ಚರ್ಮವನ್ನು ಬಿಸಿಲಿಗೆ ನಾಜೂಕು ಮಾಡುತ್ತವೆ. ಹಾಗೆಂದು ಗುಳಿಗೆ ಬಿಡಬಾರದು, ವೈದ್ಯರಿಗೆ ಹೇಳಬೇಕು.

ಒಂದು ಮಾತನ್ನು ನಾಚಿಕೆಯಿಂದ ಹೇಳುತ್ತೇನೆ. ನನ್ನ ಕಾಕಾ ಅವರ ಕೆಳತುಟಿಯ ಮೇಲೆ ಒಂದು ಬಿರುಕು ಎದ್ದಿತ್ತು. ಜೀವಮಾನವೆಲ್ಲ ಹೊಲದ ಬಿಸಿಲು, ಮೇಲೆ ತಂಬಾಕಿನ ಚಟ. “ಬಿಸಿಲಿಗೆ ಒಡದೈತಿ, ತುಪ್ಪಾ ಹಚ್ಚರಿ” ಎಂದು ಹೇಳಿದವಳು ನಾನೇ. ಊರಿಗೆಲ್ಲ ಆರೋಗ್ಯ ಹೇಳುವವಳು. ಎಂಟು ತಿಂಗಳು ತುಪ್ಪ ಹಚ್ಚಿದರು. ಕಡೆಗೆ ತೋರಿಸಿದಾಗ ಅದು ಕ್ಯಾನ್ಸರ್ ಎಂದಾಯಿತು. ಶಸ್ತ್ರಕ್ರಿಯೆಯಾಗಿ ಕಾಕಾ ಬದುಕಿದ್ದಾರೆ, ಆದರೆ ನೀರು ಕುಡಿಯುವಾಗ ಬಾಯಂಚಿನಿಂದ ಸೋರುತ್ತದೆ. ಚರ್ಮದ ಕ್ಯಾನ್ಸರ್ ನಮ್ಮವರಲ್ಲಿ ಕಡಿಮೆ. ಕಡಿಮೆಯಾದ್ದರಿಂದಲೇ ಯಾರಿಗೂ ಸಂಶಯ ಬರುವುದಿಲ್ಲ, ತಡವಾಗುತ್ತದೆ.

ಆದ್ದರಿಂದ ನಾಲ್ಕು ವಾರವಾದರೂ ಮಾಯದ ಹುಣ್ಣು, ಮುಟ್ಟಿದರೆ ರಕ್ತ ಬರುವ ಗಂಟು, ಬೆಳೆಯುವ ಅಥವಾ ಬಣ್ಣ ಬದಲಿಸುವ ಮಚ್ಚೆ, ಹಳೆಯ ಸುಟ್ಟ ಕಲೆಯ ಮೇಲೆ ಎದ್ದ ಹೊಸ ಹುಣ್ಣು, ಅಂಗಾಲಿನ ಕರಿ ಚುಕ್ಕೆ ಇವುಗಳಲ್ಲಿ ಯಾವುದಿದ್ದರೂ ಬೈಲಹೊಂಗಲದ ಸರಕಾರಿ ದವಾಖಾನೆಗೆ ಹೋಗಿರಿ. ಅವರು ಚೀಟಿ ಕೊಟ್ಟರೆ ಬೆಳಗಾವಿಯ ಜಿಲ್ಲಾ ಆಸ್ಪತ್ರೆಗೆ ಹೋಗಿರಿ. ಮುಂಜಾನೆಯ ಬಸ್ಸು ಹಿಡಿದರೆ ಸಂಜೆಗೆ ಮನೆ ಸೇರಬಹುದು. ಹೋಗುವಾಗ ನೀವು ನುಂಗುವ ಗುಳಿಗೆಗಳನ್ನೂ, ಹಚ್ಚಿಕೊಳ್ಳುವ ಟ್ಯೂಬು ಯಾವುದಿದ್ದರೂ ಅದನ್ನೂ ಒಂದು ಕೈಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಇಡಿರಿ.