ಬೀಗವಿಲ್ಲದ ಪತ್ರಿಕೆಗಳು



ಮಹಾರಾಷ್ಟ್ರದ ಖುಲ್ತಾಬಾದ್ ತಾಲ್ಲೂಕಿನಲ್ಲಿರುವ ಎಲ್ಲೋರದ ಕೈಲಾಸ ದೇವಾಲಯವನ್ನು ಕೊರೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ. ಇದನ್ನು ನಾವೆಲ್ಲ ಶಾಲೆಯಲ್ಲೇ ಓದಿದ್ದೇವೆ. ಆದರೆ ಇದು ಗೊತ್ತಾದದ್ದು ಹೇಗೆ? ಕಟ್ಟಿಸಿದವನ ಶಾಸನ ಆ ಗುಡಿಯಲ್ಲಿಲ್ಲ. ದೂರದ ಬರೋಡದಲ್ಲಿ ಸಿಕ್ಕ ಶಕವರ್ಷ 734ರ ತಾಮ್ರಪಟವೊಂದರಲ್ಲಿ ಕೃಷ್ಣ ಏಲಾಪುರದಲ್ಲಿ ಮಾಡಿಸಿದ ಗುಡಿಯ ವರ್ಣನೆ ಬರುತ್ತದೆ. ಆಕಾಶದಲ್ಲಿ ಸಾಗುತ್ತಿದ್ದ ದೇವತೆಗಳೇ ಅದನ್ನು ಕಂಡು ಬೆರಗಾದರಂತೆ. ಇದನ್ನು ನಾನು ಹೇಗೆ ಮಾಡಿದೆ ಎಂದು ಶಿಲ್ಪಿಗೇ ಅಚ್ಚರಿಯಾಯಿತಂತೆ. ಆ ಏಲಾಪುರವೇ ಎಲ್ಲೋರ ಎಂದು ವಿದ್ವಾಂಸ ಆರ್. ಜಿ. ಭಂಡಾರ್ಕರ್ ವಾದಿಸಿದ್ದು 1883ರ ‘ಇಂಡಿಯನ್ ಆಂಟಿಕ್ವರಿ’ ಸಂಪುಟದಲ್ಲಿ. ಜೇಮ್ಸ್ ಬರ್ಜೆಸ್ 1872ರಲ್ಲಿ ಶುರುಮಾಡಿದ ಪತ್ರಿಕೆ ಅದು.

ಆ ಸಂಪುಟದ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಮೊಬೈಲ್ ಇದ್ದವರು ಯಾರಾದರೂ ಅದನ್ನು ಕಾಸು ಕೊಡದೆ ಓದಬಹುದು. ಆದರೆ ಅದೇ ಕೈಲಾಸದ ಮೇಲೆ ಈಚೆಗೆ ಬಂದ ಪ್ರಬಂಧವನ್ನು ಹುಡುಕಿ ನೋಡಿ. ಎಷ್ಟೋ ಸಲ ಸಾರಾಂಶ ಮಾತ್ರ ಕಾಣುತ್ತದೆ, ಮುಂದಿನ ಪುಟಗಳಿಗೆ ಡಾಲರ್ ಲೆಕ್ಕದಲ್ಲಿ ಬೆಲೆ ಕೇಳುತ್ತಾರೆ. ಗುಹೆಗಳ ಪಕ್ಕದಲ್ಲೇ ಬದುಕುವ ಗೈಡ್, ಖುಲ್ತಾಬಾದಿನ ಶಾಲಾ ಮೇಷ್ಟ್ರು ನೂರ ನಲವತ್ತು ವರ್ಷ ಹಳೆಯದನ್ನು ಓದಬಲ್ಲರು, ತಮ್ಮ ಕಾಲದ್ದನ್ನು ಓದಲಾರರು. ನನ್ನನ್ನು ಬಹಳವಾಗಿ ಕಾಡುವ ಸಂಗತಿ ಇದು.

ವಿದ್ವತ್ ಪತ್ರಿಕೆಗಳು ಹುಟ್ಟಿದ್ದು ಹಂಚಿಕೊಳ್ಳುವುದಕ್ಕಾಗಿಯೇ. 1665ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಓಲ್ಡನ್‌ಬರ್ಗ್ ‘ಫಿಲಾಸಫಿಕಲ್ ಟ್ರಾನ್ಸಾಕ್ಷನ್ಸ್’ ಹೊರಡಿಸಿದಾಗ, ಒಬ್ಬರು ಕಂಡದ್ದು ಮತ್ತೊಬ್ಬರಿಗೆ ಬೇಗ ತಲುಪಲಿ ಎನ್ನುವುದೇ ಉದ್ದೇಶವಾಗಿತ್ತು. ಎರಡನೆಯ ಮಹಾಯುದ್ಧದ ನಂತರ ವಾಣಿಜ್ಯ ಪ್ರಕಾಶಕರು ಈ ಕ್ಷೇತ್ರದಲ್ಲಿ ಬೇರುಬಿಟ್ಟರು. ಸಂಶೋಧನೆಗೆ ಹೆಚ್ಚಿನ ಹಣ ಸರ್ಕಾರದ್ದು. ಬರೆದವರಿಗೆ ಸಂಭಾವನೆಯಿಲ್ಲ, ಪ್ರಬಂಧದ ಸರಿತಪ್ಪು ನೋಡುವ ವಿದ್ವಾಂಸರಿಗೂ ಸಾಮಾನ್ಯವಾಗಿ ಇಲ್ಲ. ಕೊನೆಗೆ ಅಚ್ಚಾದ ಪತ್ರಿಕೆಗೆ ಅವರ ವಿಶ್ವವಿದ್ಯಾನಿಲಯಗಳೇ ದುಬಾರಿ ಚಂದಾ ತೆರಬೇಕು. ನಮ್ಮ ತೆರಿಗೆ ಹಣ ಒಂದೇ ವಸ್ತುವಿಗೆ ಎರಡು ಸಲ ಖರ್ಚಾಯಿತು.

ಇದರಿಂದ ಹೊರಬರಲು ಮೊದಲು ದಾರಿ ತೆಗೆದವರು ಭೌತವಿಜ್ಞಾನಿಗಳು. 1991ರ ಆಗಸ್ಟ್‌ನಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಒಂದು ಕಂಪ್ಯೂಟರಿನಲ್ಲಿ ಪ್ರಬಂಧಗಳ ಭಂಡಾರ ತೆರೆದರು. ಅದೇ ಇಂದಿನ ‘ಆರ್ಕೈವ್’. 2002ರ ಫೆಬ್ರವರಿಯಲ್ಲಿ, ಪ್ರಬಂಧಗಳು ಎಲ್ಲರಿಗೂ ಉಚಿತವಾಗಿ ಸಿಗಬೇಕೆಂಬ ಬುಡಾಪೆಸ್ಟ್ ಘೋಷಣೆ ಬಂತು, ‘ಓಪನ್ ಆಕ್ಸೆಸ್’, ಅಂದರೆ ಮುಕ್ತ ಪ್ರವೇಶ, ಎಂಬ ಹೆಸರು ನೆಲೆನಿಂತಿತು.

ಬೆಂಗಳೂರು ಅಷ್ಟರೊಳಗೇ ಹೊರಟಾಗಿತ್ತು. ಸಿ. ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ಅದೇ ವರ್ಷ ತನ್ನ ಪತ್ರಿಕೆಯನ್ನೂ ಆರಂಭಿಸಿತ್ತು. 1998ರ ಹೊತ್ತಿಗೆ ಅಕಾಡೆಮಿ ತನ್ನ ಭೌತವಿಜ್ಞಾನ ಪತ್ರಿಕೆ ‘ಪ್ರಮಾಣ’ವನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿತು, ಉಳಿದ ಪತ್ರಿಕೆಗಳೂ ಹಿಂಬಾಲಿಸಿದವು. ಓದುವವರಿಗೆ ಬೆಲೆಯಿಲ್ಲ, ಬರೆಯುವವರಿಗೂ ಶುಲ್ಕವಿಲ್ಲ. 2002ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತೇವಲ್ಲ, ತನ್ನ ವಿಜ್ಞಾನಿಗಳ ಪ್ರಬಂಧಗಳಿಗಾಗಿ ಭಂಡಾರವೊಂದನ್ನು ತೆರೆಯಿತು. ಟಿ. ಬಿ. ರಾಜಶೇಖರ್ ಅದರ ಹಿಂದಿದ್ದರು. ಭಾರತದಲ್ಲಿ ಅಂಥದ್ದು ಅದೇ ಮೊದಲು. 2006ರ ನವೆಂಬರ್‌ನಲ್ಲಿ ಅದೇ ಆವರಣದಲ್ಲಿ ಸೇರಿದ ತಜ್ಞರು ಅಭಿವೃದ್ಧಿಶೀಲ ದೇಶಗಳಿಗೆ ಮಾದರಿಯಾಗಬಲ್ಲ ಮುಕ್ತ ಪ್ರವೇಶ ನೀತಿಯ ಕರಡು ಬರೆದರು.

ಮುಂದೆ ಗಾಳಿ ಬೇರೆ ಕಡೆಗೆ ಬೀಸಿತು. ಓದುಗರಿಗೆ ಉಚಿತ ಕೊಡುತ್ತೇವೆ, ಆದರೆ ಲೇಖಕರೇ ಶುಲ್ಕ ಕಟ್ಟಲಿ ಎಂದು ಅನೇಕ ಪ್ರಕಾಶಕರು ಪಟ್ಟುಹಿಡಿದರು. ಓದುಗನಿಗೆ ಹಾಕಿದ್ದ ಬೀಗವನ್ನು ತೆಗೆದು ಬರೆಯುವವನ ಬಾಗಿಲಿಗೆ ಹಾಕಿದಂತಾಯಿತು. ಜಿಲ್ಲಾ ಕೇಂದ್ರದ ಕಾಲೇಜಿನ ಅಧ್ಯಾಪಕಿ ಲಕ್ಷಗಟ್ಟಲೆ ರೂಪಾಯಿ ಎಲ್ಲಿಂದ ತರಬೇಕು? ನನ್ನ ಮಟ್ಟಿಗೆ ಅಕಾಡೆಮಿಯ ದಾರಿಯೇ ಸರಿಯಾದ ದಾರಿ.

2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ, ಸರ್ಕಾರವೇ ಚಂದಾ ಕಟ್ಟಿ ಸಂಸ್ಥೆಗಳಿಗೆ ಪತ್ರಿಕೆಗಳನ್ನು ಒದಗಿಸುವ ‘ಒಂದು ದೇಶ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಹುಡುಗಿಗೆ ಇದರಿಂದ ದೊಡ್ಡ ಉಪಕಾರವಾಗಿದೆ, ಅದನ್ನು ಮನಸಾರೆ ಒಪ್ಪುತ್ತೇನೆ. ಆದರೂ ಇದು ಚಂದಾ. ಸಂಸ್ಥೆಯ ಹೊರಗಿರುವ ಗೈಡಿಗೆ, ನಿವೃತ್ತ ಮೇಷ್ಟ್ರಿಗೆ, ಹಳ್ಳಿಯಲ್ಲಿ ಶಾಸನ ಹುಡುಕುವ ಹವ್ಯಾಸಿಗೆ ಇದರಲ್ಲಿ ಪಾಲಿಲ್ಲ.

ಕನ್ನಡದಲ್ಲಿಯೂ ಒಳ್ಳೆಯ ಕೆಲಸ ನಡೆದಿದೆ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ನಮ್ಮ ವಿಶ್ವವಿದ್ಯಾನಿಲಯಗಳ ಸಂಶೋಧನ ಪತ್ರಿಕೆಗಳೂ ಅಚ್ಚಾದ ದಿನವೇ ಹೀಗೆ ಸಿಗಬೇಕು. ಅವಕ್ಕೆ ಲಾಭದ ಹಂಗಿಲ್ಲ, ತಡೆಯುವ ಪ್ರಕಾಶಕನೂ ಇಲ್ಲ. ಅಲ್ಲಿಯವರೆಗೆ ನಿಮಗೆ ಬೇಕಾದ ಪ್ರಬಂಧಕ್ಕೆ ಬೆಲೆ ಕೇಳಿದರೆ, ಮೊದಲು ಲೇಖಕರ ಸಂಸ್ಥೆಯ ಭಂಡಾರದಲ್ಲಿ ಹುಡುಕಿ. ಅಲ್ಲೂ ಇಲ್ಲದಿದ್ದರೆ ಲೇಖಕರಿಗೇ ಒಂದು ಇ-ಮೇಲ್ ಬರೆಯಿರಿ. ಓದುಗರು ಕೇಳಿದರೆಂದು ಸಂತೋಷದಿಂದ ಪ್ರತಿ ಕಳಿಸುವ ವಿದ್ವಾಂಸರು ಬಹಳ ಮಂದಿ ಇದ್ದಾರೆ.