ತಾಳಗುಪ್ಪದಲ್ಲಿ ನಿಂತ ಹಳಿ



ಬೀರೂರಿನಿಂದ ಶಿವಮೊಗ್ಗೆಗೆ ರೈಲು ಬಂದುದು 1899ರಲ್ಲಿ. ದಾರಿಯ ಬೆಂಕಿಪುರವು, ಎಂದರೆ ಇಂದಿನ ಭದ್ರಾವತಿಯು, ಆಗ ಹೊಳೆದಂಡೆಯ ಒಂದು ಸಣ್ಣ ಊರು. ಕಬ್ಬಿಣದ ಕಾರ್ಖಾನೆಯ ಕಟ್ಟೋಣ ಅಲ್ಲಿ ಮೊದಲಾದುದು 1918ರಲ್ಲಿ. ಕುಲುಮೆ ಉರಿದುದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯಲ್ಲಿತ್ತು, ಇದ್ದಿಲಿನ ಮರ ಸುತ್ತಲ ಕಾಡಿನಲ್ಲಿತ್ತು, ನೀರು ಭದ್ರೆಯಲ್ಲಿತ್ತು. ಕಬ್ಬಿಣವನ್ನು ಹೊರಗೆ ಸಾಗಿಸುವ ಹಳಿಯು ಮೊದಲೇ ಬಿದ್ದಿತ್ತು. ಆ ಹಳಿಯಿಲ್ಲದಿದ್ದರೆ ವಿಶ್ವೇಶ್ವರಯ್ಯನವರ ಎಣಿಕೆಯು ಕಾಗದದ ಮೇಲೆಯೇ ಉಳಿಯುತ್ತಿತ್ತೆಂದು ನಾವು ಬಗೆಯುತ್ತೇವೆ.

ಶಿವಮೊಗ್ಗೆಯಿಂದ ಮುಂದೆ ಅರಸಾಳು, ಆನಂದಪುರ, ಸಾಗರಗಳನ್ನು ಹಾದು 1940ರಲ್ಲಿ ಹಳಿಯು ತಾಳಗುಪ್ಪವನ್ನು ಮುಟ್ಟಿತು; ಅಲ್ಲಿಯೇ ನಿಂತಿತು. ಮುಂದಿನ ಘಟ್ಟವು ಕಡಿದಾದುದೆಂಬುದನ್ನು ಒಪ್ಪುತ್ತೇವೆ. ಆದರೆ ಘಟ್ಟಕ್ಕಿಂತ ಮೊದಲು ಗಡಿಯಿತ್ತು! ಈಚೆಯ ಸಾಗರವು ಮೈಸೂರಿನದು, ಆಚೆಯ ಸಿದ್ದಾಪುರವು ಮುಂಬಯಿ ಪ್ರಾಂತದ್ದು. ಎರಡೂ ಕಡೆ ಅದೇ ಅಡಕೆಯ ತೋಟ, ಅದೇ ಕನ್ನಡ, ಹೆಣ್ಣು ಕೊಟ್ಟು ತಂದ ಅದೇ ಮನೆಗಳು.

1956ರಲ್ಲಿ ಆ ಗಡಿಯು ಅಳಿಯಿತು. ಹೊನ್ನಾವರಕ್ಕೆ ಕೊಂಕಣ ರೈಲು ಬಂದೂ ಕಾಲು ಶತಮಾನ ಕಳೆಯಿತು. 2011ರ ಹೊತ್ತಿಗೆ ತಾಳಗುಪ್ಪದವರೆಗಿನ ಹಳಿಯನ್ನು ಅಗಲಗೊಳಿಸಿದರು. ಮುಂದಕ್ಕೆ ಒಂದು ಮೈಲಿಯನ್ನೂ ಹಾಕಲಿಲ್ಲ. ಭದ್ರಾವತಿಯಲ್ಲಿ ರೈಲು ಹತ್ತಿದವನು ಹೊನ್ನಾವರದ ಕಡಲನ್ನು ಕಾಣಬೇಕಾದರೆ ಇಂದಿಗೂ ತಾಳಗುಪ್ಪದಲ್ಲಿಳಿದು, ಗಂಟು ಹೊತ್ತು, ಬಸ್ಸನ್ನೇ ಕಾಯಬೇಕು.