ಹಿತ್ತಲ ಕೋಳಿಮರಿಗಳ ಮೊದಲ ವಾರ
(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಂವಿಧಾನದ 11ನೆಯ ಅನುಸೂಚಿಯು ಪಂಚಾಯಿತಿಗಳಿಗೆ ಸೂಚಿಸಿರುವ ವಿಷಯಗಳಲ್ಲಿ 4ನೆಯದು ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಣೆ. ಹೈನುಗಾರಿಕೆಗೆ ಊರೂರಿನಲ್ಲಿ ಸಂಘಗಳಿವೆ. ಹಿತ್ತಲ ಕೋಳಿಗೆ ಅಂತಹ ಆಸರೆಯಿಲ್ಲ. ಆದರೂ ಭೂಮಿಯಿಲ್ಲದ ಮನೆಯಲ್ಲಿಯೂ ನಾಲ್ಕು ಹೇಂಟೆಗಳಿರುತ್ತವೆ. ಅವುಗಳ ಮೊಟ್ಟೆ ಮತ್ತು ಮಾರಾಟದಿಂದ ಬರುವ ಹಣ ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳ ಕೈಸೇರುತ್ತದೆ. ಹತ್ತು ಮರಿಗಳಲ್ಲಿ ಎಂಟು ಸತ್ತರೆ ಆ ಮನೆಗಾಗುವ ನಷ್ಟ ಯಾವ ಕಡತದಲ್ಲಿಯೂ ದಾಖಲಾಗುವುದಿಲ್ಲ. ಈ ನಷ್ಟದ ಹೆಚ್ಚಿನ ಪಾಲನ್ನು ತಡೆಯಲು ಸಾಧ್ಯವಿದೆ.

ಮರಿ ಮಾಡಿಸುವ ಕೆಲಸ ಮೊಟ್ಟೆಯ ಆಯ್ಕೆಯಿಂದ ಆರಂಭವಾಗುತ್ತದೆ. ಹುಂಜವಿರುವ ಹಿಂಡಿನ, ಒಂದು ವಾರ ಮೀರದ, ಬಿರುಕಿಲ್ಲದ, ಮಧ್ಯಮ ಗಾತ್ರದ ಮೊಟ್ಟೆಗಳನ್ನು ಆರಿಸಬೇಕು. ಅವುಗಳನ್ನು ತೊಳೆಯದೆ, ಚೂಪು ತುದಿ ಕೆಳಗಿರುವಂತೆ ತಂಪಾದ ಜಾಗದಲ್ಲಿಡಬೇಕು. ನಾಟಿ ಹೇಂಟೆಯೊಂದು ಹತ್ತರಿಂದ ಹನ್ನೆರಡು ಮೊಟ್ಟೆಗಳಿಗೆ ಚೆನ್ನಾಗಿ ಕಾವು ಕೊಡಬಲ್ಲದು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಗೊಂಡ ಗಿರಿರಾಜ ತಳಿಯ ಹೇಂಟೆಗಳು ಕಾವಿಗೆ ಕೂರುವುದಿಲ್ಲ. ಅವುಗಳ ಮೊಟ್ಟೆಗೂ ನಾಟಿ ಹೇಂಟೆಯೇ ಗತಿ. ಆ ಮೊಟ್ಟೆಗಳು ದೊಡ್ಡವಾದುದರಿಂದ ಸಂಖ್ಯೆಯನ್ನು ಕಡಿಮೆ ಮಾಡಬೇಕು.

ಕಾವಿಗೆ ಕೂರಿಸುವ ಮುನ್ನ ಹೇಂಟೆಯ ಮೈಯಲ್ಲಿರುವ ಹೇನು, ಉಣ್ಣೆಗಳನ್ನು ನಿವಾರಿಸಬೇಕು. ಅವುಗಳ ಕಾಟ ತಾಳದೆ ಕೋಳಿ ಗೂಡು ಬಿಟ್ಟೇಳುತ್ತದೆ. ಕತ್ತಲಿನ, ನಾಯಿ ಬೆಕ್ಕು ಸುಳಿಯದ ಮೂಲೆಯಲ್ಲಿ ಒಣಹುಲ್ಲಿನ ಬುಟ್ಟಿಯನ್ನಿಟ್ಟು, ಸಮೀಪದಲ್ಲಿಯೇ ಕಾಳು ನೀರು ಇರಿಸಿದರೆ ಸಾಕು. 7ನೆಯ ದಿನ ರಾತ್ರಿ ಮೊಟ್ಟೆಯ ಹಿಂದೆ ಟಾರ್ಚ್ ಹಿಡಿದು ನೋಡಿದರೆ, ಫಲಿತ ಮೊಟ್ಟೆಯಲ್ಲಿ ಜೇಡನ ಕಾಲುಗಳಂತೆ ಹರಡಿದ ಕೆಂಪು ರಕ್ತನಾಳಗಳು ಕಾಣುತ್ತವೆ; ಏನೂ ಕಾಣದ ಮೊಟ್ಟೆಯನ್ನು ತೆಗೆದುಬಿಡಬಹುದು. 21ನೆಯ ದಿನಕ್ಕೆ ಮರಿಗಳು ಹೊರಬರುತ್ತವೆ.

ಚಿಪ್ಪಿಗೆ ತೂತು ಬಿದ್ದ ಬಳಿಕ ಮರಿ ಪೂರ್ಣವಾಗಿ ಹೊರಬರಲು ಒಂದು ಇಡೀ ದಿನ ಹಿಡಿಯಬಹುದು. ಈ ಅವಧಿಯಲ್ಲಿ ಚಿಪ್ಪಿನ ಒಳಪೊರೆಯ ರಕ್ತನಾಳಗಳು ಒಣಗುತ್ತವೆ, ಉಳಿದ ಹಳದಿ ಲೋಳೆ ಮರಿಯ ಹೊಟ್ಟೆಯೊಳಗೆ ಸೇರುತ್ತದೆ. ಮರುಕದಿಂದ ಚಿಪ್ಪನ್ನು ಸುಲಿದರೆ ರಕ್ತ ಸೋರಿ ಮರಿ ಸಾಯುತ್ತದೆ. ಒಳಸೇರಿದ ಹಳದಿಯೇ ಮೊದಲ ಎರಡು ದಿನಗಳ ಆಹಾರ. ಆದ್ದರಿಂದ ಹುಟ್ಟಿದೊಡನೆ ತಿನ್ನಿಸುವ ಆತುರ ಬೇಡ. ಆದರೆ ಎರಡನೆಯ ದಿನ ಮುಗಿಯುವುದರೊಳಗೆ ಮರಿ ನೀರು ಮತ್ತು ನುಚ್ಚನ್ನು ಕಂಡಿರಬೇಕು.

ನಿಶ್ಶಕ್ತ ಮರಿಯ ಆರೈಕೆಗೆ ಒಂದು ಕ್ರಮವಿದೆ: ಮೊದಲು ಶಾಖ, ಅನಂತರ ನೀರು, ಕೊನೆಗೆ ಆಹಾರ. ಪಾದಗಳು ತಣ್ಣಗಿರುವ ಮರಿಗೆ ತಿನ್ನಿಸಿದರೆ ಜೀರ್ಣವಾಗುವುದಿಲ್ಲ. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಬಹುದು. ತಾಯಿಯ ರೆಕ್ಕೆಯ ಕೆಳಗೆ ಅದು ತಾನಾಗಿಯೇ ದೊರೆಯುತ್ತದೆ. ತಾಯಿಯಿಲ್ಲದ ಮರಿಗಳಿಗೆ ಬಲ್ಬು ಹಾಕುವವರು ಗಮನಿಸಬೇಕಾದುದೆಂದರೆ, ಈಗ ಮನೆಮನೆಯಲ್ಲಿರುವ ಎಲ್‌ಇಡಿ ಬಲ್ಬು ಬೆಳಕು ನೀಡುತ್ತದೆಯೇ ಹೊರತು ಬೇಕಾದಷ್ಟು ಶಾಖ ನೀಡುವುದಿಲ್ಲ. ತಂತಿ ಕಾಯುವ ಹಳೆಯ ಬಗೆಯ ಬಲ್ಬೇ ಆಗಬೇಕು. ಕರೆಂಟು ಹೋದಾಗ ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಇಡಬಹುದು. ಮರಿಗಳು ಒಂದರ ಮೇಲೊಂದು ಒತ್ತರಿಸಿದರೆ ಶಾಖ ಸಾಲದು. ದೂರ ಸರಿದು ಬಾಯಿ ತೆರೆದರೆ ಹೆಚ್ಚಾಗಿದೆ. ಸಮನಾಗಿ ಹರಡಿಕೊಂಡಿದ್ದರೆ ಸರಿಯಾಗಿದೆ.

ಮರಿ ಬೆಚ್ಚಗಾದ ಮೇಲೆ ಉಗುರುಬೆಚ್ಚಗಿನ ಬೆಲ್ಲದ ನೀರಿಗೆ ಕೊಕ್ಕಿನ ತುದಿಯನ್ನಷ್ಟೇ ಅದ್ದಬೇಕು. ಗಂಟಲಿಗೆ ಸುರಿದರೆ ನೀರು ಶ್ವಾಸಕೋಶಕ್ಕೆ ಹೋಗುತ್ತದೆ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲುಗಳನ್ನು ಹಾಕಿದರೆ ಮರಿ ಮುಳುಗುವುದಿಲ್ಲ. ಬರಿಯ ಪತ್ರಿಕೆಯ ಹಾಳೆಯ ಮೇಲೆ ಬಿಟ್ಟ ಮರಿಯ ಕಾಲುಗಳು ಜಾರಿ ಎರಡೂ ಬದಿಗೆ ಅಗಲಿಕೊಳ್ಳುತ್ತವೆ; ಗೋಣಿಚೀಲ ಹಾಸಿದರೆ ಅದು ತಪ್ಪುತ್ತದೆ. ಆಗಲೇ ಕಾಲು ಅಗಲಿದ್ದರೆ ಮೆತ್ತನೆಯ ಬಟ್ಟೆಪಟ್ಟಿಯಿಂದ ಎರಡು ಕಾಲುಗಳನ್ನೂ ಸಹಜ ಅಂತರದಲ್ಲಿ ಸಡಿಲವಾಗಿ ಜೋಡಿಸಿ ಕೆಲವು ದಿನ ಬಿಡಬೇಕು. ಹಿಂಬದಿಗೆ ಹಿಕ್ಕೆ ಅಂಟಿ ಮುಚ್ಚಿಕೊಂಡರೆ ಬಿಸಿನೀರಿನ ಹತ್ತಿಯಿಂದ ನೆನೆಸಿ ತೆಗೆಯಬೇಕು, ಎಳೆಯಬಾರದು.

ಇಷ್ಟನ್ನು ಪ್ರತಿಯೊಂದು ಮನೆಯೂ ತಾನೇ ಮಾಡಿಕೊಳ್ಳಬಹುದು. ಒಂದು ಮನೆಯಿಂದ ಆಗದ ಕೆಲಸವೆಂದರೆ ಲಸಿಕೆ. ಕೊಕ್ಕರೆ ರೋಗವೆಂದು ಹೇಳುವ ರಾಣಿಖೇತ್ ಬಂದರೆ ಊರಿನ ಹಿಂಡೇ ಬರಿದಾಗುತ್ತದೆ; ಅದಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯುಂಟು. ಮರಿಗೆ 5ರಿಂದ 7 ದಿನಗಳಾದಾಗ ಕಣ್ಣಿಗೆ ಅಥವಾ ಮೂಗಿಗೆ ಒಂದು ಹನಿ ಹಾಕುತ್ತಾರೆ. ಆದರೆ ಲಸಿಕೆಯ ಸೀಸೆ ಸಾಮಾನ್ಯವಾಗಿ 100 ಅಥವಾ ಅದಕ್ಕಿಂತ ಹೆಚ್ಚು ಮರಿಗಳಿಗಾಗುವಷ್ಟಿರುತ್ತದೆ. ಅದನ್ನು ಶೀತದಲ್ಲಿಯೇ ತರಬೇಕು, ಕಲಸಿದ ಮೇಲೆ ಸುಮಾರು ಎರಡು ಗಂಟೆಗಳೊಳಗೆ ಬಳಸಿ ಮುಗಿಸಬೇಕು. ಹತ್ತು ಮರಿಗಳ ಮನೆಗಾಗಿ ಸೀಸೆ ತೆರೆದರೆ ಉಳಿದುದು ಚೆಲ್ಲಿಹೋಗುತ್ತದೆ. ಹಾಗಾಗಿ ಅದನ್ನು ಯಾರೂ ತೆರೆಯುವುದೇ ಇಲ್ಲ.

ಪಂಚಾಯಿತಿಯ ಸದಸ್ಯರು ನೆರವಾಗಬೇಕಾದುದು ಇಲ್ಲಿಯೇ. ಊರಿನ ಹತ್ತು ಮನೆಗಳು ಒಂದೇ ದಿನ ಹೇಂಟೆಗಳನ್ನು ಕಾವಿಗೆ ಕೂರಿಸಿದರೆ ಒಂದೇ ಸೀಸೆ ಎಲ್ಲರಿಗೂ ಒದಗುತ್ತದೆ. ಸೋಮವಾರ ಕೂರಿಸಿದರೆ ಮೂರು ವಾರಗಳ ನಂತರದ ಸೋಮವಾರ ಮರಿ, ಅದರ ಮುಂದಿನ ಸೋಮವಾರ ಲಸಿಕೆ. ಎಲ್ಲ ಹೇಂಟೆಗಳಿಗೂ ಒಂದೇ ದಿನ ಕಾವು ಬರುವುದಿಲ್ಲವೆಂಬುದು ನಿಜ. ಮುಂಚೆ ಕಾವು ಬಂದ ಹೇಂಟೆಯನ್ನು ಗುರುತು ಮಾಡಿದ ಒಂದೆರಡು ಹಳೆಯ ಮೊಟ್ಟೆಗಳ ಮೇಲೆ ಕೆಲವು ದಿನ ಕೂರಿಸಿ, ನಿಗದಿಯಾದ ದಿನ ಅವನ್ನು ತೆಗೆದು ಹೊಸ ಮೊಟ್ಟೆಗಳನ್ನಿಡಬಹುದು. ಒಂದೆರಡು ದಿನಗಳ ಹಿಂದುಮುಂದಾದರೂ ಬಾಧಕವಿಲ್ಲ.

ಈ ದಿನವನ್ನು ಸ್ವಸಹಾಯ ಸಂಘದ ಸಭೆಯಲ್ಲಿ ಗೊತ್ತುಮಾಡಿ, ಮರಿಗಳ ಸಂಖ್ಯೆಯನ್ನು ಪಶು ಚಿಕಿತ್ಸಾಲಯಕ್ಕೆ ಮುಂಚಿತವಾಗಿ ತಿಳಿಸಬೇಕು. ಪಶು ಸಖಿಯರಿರುವಲ್ಲಿ ಅವರ ನೆರವು ಪಡೆಯಬೇಕು. ಲಸಿಕೆಯನ್ನು ಆರೋಗ್ಯವಂತ ಮರಿಗಳಿಗಷ್ಟೇ ಹಾಕುವುದರಿಂದ ಆ ದಿನದೊಳಗೆ ನಿಶ್ಶಕ್ತ ಮರಿ ಚೇತರಿಸಿಕೊಂಡಿರಬೇಕು. ಮನೆಯವರು ಮೊದಲ ವಾರ ವಹಿಸುವ ಎಚ್ಚರಕ್ಕೂ ಊರಿನ ಲಸಿಕೆಯ ದಿನಕ್ಕೂ ಇರುವ ಸಂಬಂಧವಿದು. ಮುಂದಿನ ಲಸಿಕೆಗಳ ದಿನಗಳನ್ನು ಪಶುವೈದ್ಯರಿಂದ ಅಂದೇ ಬರೆಸಿಕೊಳ್ಳುವುದು ಒಳ್ಳೆಯದು.

ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಕಟ್ಟಡ ಬೇಕಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಪ್ರತಿ ಸದಸ್ಯರೂ ತಮ್ಮ ವಾರ್ಡಿಗೆ ಕಾವು ಕೂರಿಸುವ ಒಂದು ದಿನವನ್ನು ಗೊತ್ತುಪಡಿಸಲಿ.